ರಾಜರ ವಠಾರ

ಸುಳ್ಳು ಹೇಳುವುದು ನನಗೆ ಇಷ್ಟು ಸಲೀಸಾಗಿ ಬರುತ್ತದಲ್ಲ ಎಂಬುದೇ ಆ ಪ್ರವಾಸದುದ್ದಕ್ಕೂ ನನ್ನನ್ನು ಕೊರೆಯುತ್ತಿದ್ದ ಚಿಂತೆ. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೋಟೆಲಿನ ಕನ್ನಡಿಯ ಮುಂದೆ ಹಲ್ಲುಜ್ಜುತ್ತಾ ನನಗೆ ನಾನೇ ಒಪ್ಪಿಕೊಂಡಿದ್ದು, ಅಷ್ಟೆ. ನಾಗಸಂದ್ರದಲ್ಲಿ ಆಟೋದವನು ನಮ್ಮ ಮನೆ ದಾಟಿ ಹೋದರೂ ಇಲ್ಲೇ ನಿಲ್ಲಿಸಿ ಅನ್ನಲು ಬಾಯಿ ಬಾರದೆ, ಮುಂದಿನ ತಿರುವಿನಲ್ಲಿ ಇಳಿದು ನಡೆದು ವಾಪಸು ಬರುವವಳು ನಾನು. ಕಾಲೇಜಿನಲ್ಲಿ ಹಾಜರಿ ಕರೆದಾಗ ನನ್ನ ದನಿ ಮೇಷ್ಟ್ರಿಗೆ ಮುಟ್ಟದೆ, ಎದುರಿಗೇ ಕೂತಿದ್ದರೂ ಗೈರುಹಾಜರಾದವಳು. ಅಂಥವಳು ಈಜಿಪ್ಟಿಗೆ ಬಂದು, ಒಂದು ಬಸ್ಸಿನಷ್ಟು ಜನರ ಮುಂದೆ ಮೈಕು ಹಿಡಿದು, ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದೆ. ಅದೂ ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು.

ಕೆಲಸ ಸಿಕ್ಕ ಬಗೆಯೇ ವಿಚಿತ್ರ. ವೈಟ್‌ಫೀಲ್ಡಿನಲ್ಲಿ ಪರಮಾನಂದ ಎಂಬುವರದೊಂದು ಟ್ರಾವೆಲ್ಸ್ ಆಫೀಸು. ವರ್ತೂರಿನ ಒಂದೇ ಮನೆತನದವರು, ಅಣ್ಣತಮ್ಮಂದಿರು, ದಾಯಾದಿಗಳು, ಸೊಸೆಯಂದಿರು ಎಲ್ಲ ಸೇರಿ, ಕಾಶಿ ರಾಮೇಶ್ವರ ಮುಗಿಸಿ, ಸಿಂಗಪುರವನ್ನೂ ನೋಡಿಯಾದ ಮೇಲೆ ಈಜಿಪ್ಟಿಗೆ ಹೊರಟಿದ್ದರು. ಅಲ್ಲಿಯ ಗೈಡು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ಜೊತೆಗೊಬ್ಬರು ಬೇಕಿತ್ತು. ಸಂದರ್ಶನದಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಅದನ್ನು ಪರಮಾನಂದರು ವಿನಯ ಎಂದುಕೊಂಡರು. ಈ ಒಂದು ಟೂರು ಯಾರಿಂದಲೂ ದೂರು ಬರದಂತೆ ಮುಗಿಸಿಕೊಂಡು ಬಂದರೆ ಕೆಲಸ ಕಾಯಂ, ದೂರು ಬಂದರೆ ಅಲ್ಲಿಗೇ ಮುಗಿಯಿತು ಎಂದರು. ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಅಪ್ಪ ಬ್ಯಾಂಕ್ ಪರೀಕ್ಷೆಯ ಪುಸ್ತಕಗಳನ್ನು ತಂದು ತಂದು ನನ್ನ ಮೇಜಿನ ಮೇಲೆ ಪೇರಿಸುತ್ತಿದ್ದರು. ಓದಿದ ಜಾಗಗಳನ್ನು ಕಣ್ಣಾರೆ ನೋಡುತ್ತಾ ಬದುಕುವ ಕೆಲಸವೊಂದು ಇದೆ ಎಂದು ಗೊತ್ತಾದ ಮೇಲೆ ನನಗೆ ಆ ಪುಸ್ತಕಗಳ ಗುಡ್ಡೆಯನ್ನು ನೋಡಲೂ ಮನಸ್ಸಾಗಲಿಲ್ಲ. ಈ ಕೆಲಸ ನನಗೆ ಬೇಕೇ ಬೇಕಿತ್ತು.

ತಂಡಕ್ಕೆಲ್ಲ ಹಿರಿಯರು ಚಿಕ್ಕಮುನಿಯಮ್ಮ. ವರ್ತೂರಿನಲ್ಲಿ ಸಾಲು ಸಾಲು ಬಾಡಿಗೆ ಮನೆಗಳ ಒಡತಿ. ಬಾಡಿಗೆಗಿರುವವರು ಕಂಪ್ಯೂಟರಿನವರಾಗಲಿ, ಸೆಕ್ಯುರಿಟಿಯವರಾಗಲಿ, ದಿನಾ ಬೆಳಿಗ್ಗೆ ಅವರ ಬಾಗಿಲ ಮುಂದೆ ನಿಂತು ನಲ್ಲಿ ಸರಿಯಾಗಿ ನಿಲ್ಲಿಸಿದ್ದಾರೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿ ಬರುವ ಹೆಂಗಸು. ಜೊತೆಗೆ ಮಗ ಶ್ಯಾಮಣ್ಣ, ಸೊಸೆ ವನಜಾ. ಅಜ್ಜಿ ಹೂಂ ಅಂದರೆ ಇಡೀ ಮನೆತನ ಹೂಂ ಅಂದಂತೆ. ಅಜ್ಜಿ ಎಲೆಯ ಮುಂದೆ ಕೂರದಿದ್ದರೆ ಯಾರೂ ಕೂರುವಂತಿರಲಿಲ್ಲ.

ಕೈರೋದಲ್ಲಿ ನಮ್ಮನ್ನು ಎದುರುಗೊಂಡ ಗೈಡಿನ ಹೆಸರು ಹಾನಿ. ಒಳ್ಳೆಯ ಹೆಸರೇ, ಅವರ ಭಾಷೆಯಲ್ಲಿ. ನಾನು ಮೈಕಿನಲ್ಲಿ ಇವರು ಹಾನಿ ಎಂದು ಪರಿಚಯ ಮಾಡಿಕೊಟ್ಟಾಗ ಬಸ್ಸಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆನಿ ಅಂತ ಯಾವ ತಾಯಿ ಮಗೀಗೆ ಎಸ್ರಿಕ್ತಾಳೆ," ಅಂದರು ಅಜ್ಜಿ. "ದಿನಾ ಬೆಳಗಾದ್ರೆ ಆ ಎಸ್ರು ಇಡ್ಕಂಡು ಕರ್ಯಾಕಾಗಾಕಿಲ್ಲ. ಇವನ್ನ ಅನುಮಂತು ಅನ್ನಿ."

ಆ ಕ್ಷಣದಿಂದ ಅವನು ಹನುಮಂತು. ಅದು ನಮ್ಮ ಕಡೆ ಬಲು ಶಕ್ತಿಶಾಲಿ ದೇವರ ಹೆಸರು ಎಂದು ನಾನು ಹೇಳಿದ್ದೇ ತಡ, ಅವನು ಎದೆಯುಬ್ಬಿಸಿಕೊಂಡು, ಯಾರು ಹನುಮಂತು ಅಂದರೂ ಓಡಿಬರತೊಡಗಿದ.

ಎಡವಟ್ಟಾದದ್ದು ಮೊದಲನೆಯ ದಿನವೇ. ಊರೊಳಗೆ ಒಂದು ದೊಡ್ಡ ಸ್ಮಶಾನದ ನಡುವೆಯೇ ರಸ್ತೆ ಹಾದುಹೋಗುತ್ತದೆ. ಅಲ್ಲೇ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿತು. ಇದೇನು ಇಷ್ಟೊಂದು ಗುಮ್ಮಟ ಎಂದು ಅಜ್ಜಿ ಕೇಳಿದಾಗ ಶ್ಯಾಮಣ್ಣ ಫೋನಿನಿಂದ ತಲೆ ಎತ್ತದೆಯೇ, ಗೋರಿಗಳು ಕಣಮ್ಮ ಅಂದುಬಿಟ್ಟರು. ಅಜ್ಜಿ ಕಾಲು ಮೇಲೆತ್ತಿ ಸೀಟಿನ ಮೇಲಿಟ್ಟುಕೊಂಡರು. ಗೋರಿಯ ನೆಲಕ್ಕೆ ಹೋಗಿಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಂದು ತುತ್ತನ್ನೂ ಮುಟ್ಟುವಂತಿಲ್ಲ. ಬಸ್ಸಿನ ಗಾಲಿ ಆ ನೆಲದ ಮೇಲೆ ನಿಂತಿದೆ, ನಾವು ಬಸ್ಸಿನೊಳಗಿದ್ದೇವೆ, ಅಂದಮೇಲೆ ನಾವೂ ಹೋದಂತೆಯೇ. ವಾದಕ್ಕೆ ಎದುರು ವಾದ ಇರಲಿಲ್ಲ. ಬಸ್ಸು ಹೋಟೆಲಿಗೆ ತಿರುಗಿತು. ಎಲ್ಲರ ತಲೆಸ್ನಾನ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಹೋಯಿತು, ನೋಡಬೇಕಿದ್ದ ಕೋಟೆಯ ಬಾಗಿಲು ಹಾಕಿತು, ಏಸಿ ಬಸ್ಸಿನಲ್ಲಿ ಒದ್ದೆಗೂದಲಿನ ಹೆಂಗಸರೆಲ್ಲ ಸಾಲಾಗಿ ಸೀನಿದರು. ವಿಷಯ ಬೆಂಗಳೂರು ಮುಟ್ಟಿ, ಪರಮಾನಂದರು ಫೋನು ಮಾಡಿ, ಇನ್ನೊಂದು ಸಲ ಹೀಗಾದರೆ ನೀವು ಬಂದ ಮೇಲೆ ಆಫೀಸಿನ ಕಡೆ ಬರುವುದೇ ಬೇಡ ಎಂದು ಮೃದುವಾಗಿ ಹೇಳಿದರು.

ನಾನು ಕಾರ್ಯಕ್ರಮದ ಹಾಳೆ ತೆಗೆದು ನೋಡಿದೆ. ಪಿರಮಿಡ್ಡು. ಅದರ ಪಕ್ಕದ ಪಿರಮಿಡ್ಡು. ರಾಜರ ಕಣಿವೆ. ಈ ದೇಶದಲ್ಲಿ ನೋಡುವಂಥದ್ದೆಲ್ಲ ಬಹುಪಾಲು ಗೋರಿಯೇ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು. ಅದು ಇಷ್ಟು ದೊಡ್ಡ ಸಮಸ್ಯೆ ಎಂಬುದು ಆಗ ಹೊಳೆಯಿತು.

ಹೋಟೆಲಿನ ಜಗಲಿಯಲ್ಲಿ ಶ್ಯಾಮಣ್ಣ ನನ್ನನ್ನು ಪಕ್ಕಕ್ಕೆ ಕರೆದರು. ರಾಜರ ಅರಮನೆಗಳನ್ನು ತೋರಿಸುತ್ತೇನೆ ಎಂದು ನಂಬಿಸಿ ಅಮ್ಮನನ್ನು ಹೊರಡಿಸಿದ್ದರಂತೆ.

"ಮೇಡಂ, ನೀವೇನೂ ಸುಳ್ಳು ಹೇಳ್ಬೇಡಿ," ಅಂದರು. "ಆ ಒಂದು ಪದ ಮಾತ್ರ ಬಾಯಿಗೆ ತರ್ಬೇಡಿ. ಮಿಕ್ಕಿದ್ದು ನಾವು ನೋಡ್ಕೋತೀವಿ."

ವನಜಾ ಒದ್ದೆ ಜಡೆಯನ್ನು ಹಿಂಡುತ್ತಾ, ನನ್ನ ಕೂದಲು ಒಣಗಲು ಈ ದೇಶದ ಬಿಸಿಲೂ ಸಾಲದು ಎಂದು ಸೇರಿಸಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

ಮರುದಿನ ಪಿರಮಿಡ್ಡಿನ ಮುಂದೆ ಹನುಮಂತು ಕೈ ಚಾಚಿ, ಇದು ರಾಜನ ಫೈನಲ್ ರೆಸ್ಟಿಂಗ್ ಪ್ಲೇಸ್ ಅಂದ. ನಾನು ಫೈನಲ್ ಅನ್ನು ನುಂಗಿಕೊಂಡೆ. ಇದು ರಾಜರು ವಿಶ್ರಾಂತಿ ತೆಗೆದುಕೊಳ್ಳುವ ಜಾಗ ಎಂದು ಮೈಕಿನಲ್ಲಿ ಹೇಳಿದೆ. ಸುಳ್ಳಲ್ಲ. ಒಂದು ಪದ ಕಡಿಮೆ.

ಅಜ್ಜಿ ಸೆರಗನ್ನು ಹಣೆಗೆ ಅಡ್ಡ ಹಿಡಿದು ತುದಿಯವರೆಗೂ ನೋಡಿದರು.

"ರೆಸ್ಟ್ ತಗಳಾಕೆ ಇಷ್ಟು ಕಲ್ಲಾ?"

"ಹೂಂ ಅಜ್ಜಿ."

"ಒಂದು ಕಿಟ್ಕಿನಾದ್ರೂ ಬ್ಯಾಡ್ವಾ?"

"ಬಿಸ್ಲು ಅಜ್ಜಿ. ಒಳಗೆ ತಂಪಾಗಿರ್ಲಿ ಅಂತ."

ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ, ಬಂತು. ಹಿಂದೆ ನಿಂತಿದ್ದ ವನಜಾ ಮೆಚ್ಚಿ ನನ್ನ ಬೆನ್ನು ತಟ್ಟಿದರು.

ಮಹಡಿಯ ನೀರಿನ ಟ್ಯಾಂಕು ಹತ್ತಿ ಪಳಗಿದ ಮಂಡಿ ಅಜ್ಜಿಯದು. ಪಿರಮಿಡ್ಡಿನೊಳಗಿನ ಇಕ್ಕಟ್ಟಿನ ಏರುದಾರಿಯಲ್ಲಿ ನಮಗಿಂತ ಮೊದಲೇ ರಾಜನ ಕೋಣೆ ಸೇರಿದ್ದರು. ಅಲ್ಲಿ ಮುಚ್ಚಳವಿಲ್ಲದ ಒಂದು ಕಲ್ಲಿನ ಪೆಟ್ಟಿಗೆ, ಅದನ್ನು ಬಿಟ್ಟರೆ ಏನೂ ಇಲ್ಲ. ಇದೇನು ಅಂದರು. ಎಲ್ಲರೂ ನನ್ನ ಮುಖ ನೋಡಿದರು. ಸ್ನಾನದ ತೊಟ್ಟಿ ಅಂದೆ.

ಅಜ್ಜಿ ಅದರ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಒಳಗೆ ಕೈಯಾಡಿಸಿದರು. ನೀರು ಹೋಗಲು ತೂತೇ ಇಟ್ಟಿಲ್ಲ, ಮೇಸ್ತ್ರಿ ರಾಜನಿಗೇ ಟೋಪಿ ಹಾಕಿದ್ದಾನೆ ಎಂದು ತೀರ್ಪು ಕೊಟ್ಟರು. ತಂಡವೆಲ್ಲ ಗಂಭೀರವಾಗಿ ಹೌದೌದು ಅಂದಿತು. ಅಜ್ಜಿ ಏನು ಹೇಳಿದರು ಎಂದು ಹನುಮಂತು ಕುತೂಹಲದಿಂದ ಕೇಳಿದ. ನಿಮ್ಮ ಪೂರ್ವಜರ ಕಲ್ಲುಕೆಲಸವನ್ನು ಬಹಳ ಹೊಗಳುತ್ತಿದ್ದಾರೆ ಅಂದೆ. ಅವನು ಎದೆಯ ಮೇಲೆ ಕೈಯಿಟ್ಟು ಅಜ್ಜಿಗೆ ತಲೆಬಾಗಿದ. ಅಲ್ಲಿಗೆ ನಾನು ಎರಡೂ ಕಡೆಗೆ ಸುಳ್ಳು ಹೇಳಿದಂತಾಯಿತು.

ಲಕ್ಸರ್ ಎಂಬ ಊರಿಗೆ ಬರುವಷ್ಟರಲ್ಲಿ ನನಗೆ ಕೈ ಕುದುರಿತ್ತು. ಅಲ್ಲಿಯ ದೊಡ್ಡ ದೇವಸ್ಥಾನದ ಹೆಸರು ಕರ್ನಾಕ್. ಹೆಸರು ಕೇಳಿದ್ದೇ ತಂಡ ಅದನ್ನು ಅರ್ಧ ನಮ್ಮದೇ ಅಂದುಕೊಂಡಿತು. ಅದು ಗೋರಿಯಲ್ಲವಾದ್ದರಿಂದ ಅವತ್ತು ನಾನು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಹನುಮಂತು ಒಂದು ಕಂಬದ ಮೇಲಿನ ಕೆತ್ತನೆ ತೋರಿಸಿ, ಈ ರಾಮ್ಸೆಸ್ ರಾಜ ಹಿಂದಿನ ರಾಜರು ನಿಲ್ಲಿಸಿದ್ದ ಎಷ್ಟೋ ವಿಗ್ರಹಗಳ ಮೇಲಿನ ಹೆಸರು ಕೆತ್ತಿ ತೆಗೆಸಿ ತನ್ನ ಹೆಸರು ಹಾಕಿಸಿಕೊಂಡ, ಮುಂದೆ ಯಾರೂ ಅಳಿಸಬಾರದೆಂದು ಆಳವಾಗಿ ಕೊರೆಸಿದ ಎಂದು ಉದ್ದಕ್ಕೆ ವಿವರಿಸಿದ. ಇದನ್ನು ಹೇಗೆ ಹೇಳುವುದು ಎಂದು ನಾನು ಒಂದು ಗಳಿಗೆ ಯೋಚಿಸಿದೆ.

"ಬೇರೆಯವರು ಕಟ್ಟಿದ್ದನ್ನೆಲ್ಲ ಈ ರಾಜ ತನ್ನ ಹೆಸರಿಗೆ ಖಾತೆ ಮಾಡಿಸ್ಕೊಂಡ."

ಅಷ್ಟು ಬೇಗ ಅಷ್ಟು ಜನಕ್ಕೆ ಇತಿಹಾಸ ಅರ್ಥವಾದದ್ದನ್ನು ನಾನು ಯಾವ ತರಗತಿಯಲ್ಲೂ ಕಂಡಿಲ್ಲ. ಶ್ಯಾಮಣ್ಣ ಮೆಲ್ಲಗೆ ತಿರುಗಿ ದಾಯಾದಿ ದ್ಯಾಮಣ್ಣನವರನ್ನು ನೋಡಿದರು. ದ್ಯಾಮಣ್ಣನವರು ತಮ್ಮ ಬೂಟನ್ನು ನೋಡಿಕೊಂಡರು. ಎ ಖಾತೆಯೋ ಬಿ ಖಾತೆಯೋ ಎಂದು ಹಿಂದಿನಿಂದ ಯಾರೋ ಕೇಳಿದರು. ಕಲ್ಲಿನಲ್ಲೇ ಕೆತ್ತಿಸಿದ್ದಾನೆ, ಪಕ್ಕಾ ಎ ಖಾತೆಯೇ ಅಂದೆ. ಎಲ್ಲರೂ ನಕ್ಕರು, ದ್ಯಾಮಣ್ಣನವರೂ ನಕ್ಕರು. ಆ ಸಂಜೆ ನನ್ನ ಡೈರಿಯಲ್ಲಿ ಒಂದೇ ಸಾಲು ಬರೆದೆ: ಜನ ಇವತ್ತು ನಕ್ಕರು, ನನ್ನನ್ನು ನೋಡಿ ಅಲ್ಲ, ನನ್ನ ಮಾತು ಕೇಳಿ.

ಕೊನೆಗೆ ನಾನು ಹೆದರಿಕೊಂಡಿದ್ದ ರಾಜರ ಕಣಿವೆ ಬಂತು. ಬೋಳುಗುಡ್ಡಗಳ ನಡುವಿನ ದಾರಿಯ ಎರಡೂ ಕಡೆ ಬಾಗಿಲುಗಳು, ಒಂದೊಂದು ಬಾಗಿಲಿಗೂ ಒಂದೊಂದು ನಂಬರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಯೇ ದಾರಿ ತೋರಿಸಿದರು.

"ಇದು ವಠಾರ ಅಲ್ವೇನವ್ವ?"

"ಹೌದಜ್ಜಿ. ರಾಜರ ವಠಾರ."

ಸಾಲುಮನೆ, ನಂಬರು, ನಡುವೆ ಓಡಾಡಲು ಒಂದೇ ದಾರಿ; ಅಜ್ಜಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಇಷ್ಟು ಒಳ್ಳೆಯ ಮನೆಗಳನ್ನು ಯಾಕೆ ಖಾಲಿ ಮಾಡಿದರು ಎಂದು ಕೇಳಿದರು. ಕಳ್ಳರ ಕಾಟ ಅಂದೆ. ಅದು ನೂರಕ್ಕೆ ನೂರು ನಿಜ, ಆದ್ದರಿಂದ ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. ಒಂದು ಮನೆಯೊಳಗೆ ಗೋಡೆಯ ಮೇಲೆ ಬಣ್ಣದ ಚಿತ್ರವಿತ್ತು. ಮಂಚದ ಮೇಲೆ ಮೈತುಂಬ ಬಟ್ಟೆ ಸುತ್ತಿ ಮಲಗಿಸಿದ ರಾಜ, ಅವನ ಮೇಲೆ ಬಗ್ಗಿ ನಿಂತ ನರಿಮುಖದ ದೇವರು. ಹೆಣವನ್ನು ಕೆಡದಂತೆ ಸಿದ್ಧ ಮಾಡುವ ದೃಶ್ಯ ಎಂದು ಹನುಮಂತು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದ. ಅಜ್ಜಿಯ ಕಣ್ಣು ನನ್ನ ಮೇಲಿತ್ತು.

"ರಾಜಂಗೆ ಹುಷಾರಿಲ್ಲ ಅಜ್ಜಿ," ಅಂದೆ. "ಅವ್ರು ಡಾಕ್ಟ್ರು."

"ನಾಯಿ ಮೊಕ ಐತಲ್ಲ."

"ಮುಖವಾಡ ಅಜ್ಜಿ. ರೋಗ ಅಂಟಬಾರ್ದು ಅಂತ."

ಮಾಸ್ಕ್ ಹಾಕಿಕೊಂಡು ಕಳೆದ ವರ್ಷಗಳನ್ನು ಕಂಡಿದ್ದ ಅಜ್ಜಿ ಅದನ್ನು ತಕ್ಷಣ ಒಪ್ಪಿದರು. ಪಾಪ, ಮೈಯೆಲ್ಲ ಬ್ಯಾಂಡೇಜು ಅಂದರು. ವನಜಾ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದರು. ವಾಸಿಯಾಯಿತಾ ಎಂದು ಅಜ್ಜಿ ಕೇಳಿದಾಗ, ಆಮೇಲೆ ಎದ್ದು ಕೂತರು ಎಂದು ಈ ಕಡೆಯವರೆಲ್ಲ ನಂಬಿದ್ದರು ಅಂದೆ. ಅಜ್ಜಿ ನರಿಮುಖದ ಡಾಕ್ಟರಿಗೆ ಕೈಮುಗಿದರು. ನಗು ನನ್ನ ಗಂಟಲವರೆಗೆ ಬಂದಿದ್ದು ಅಲ್ಲೇ ನಿಂತಿತು. ಯಾಕೋ ಆ ಮುಗಿದ ಕೈಗಳನ್ನು ನೋಡಲು ನನಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೊರಟ ಬಸ್ಸಿನಲ್ಲಿ ಎಲ್ಲರೂ ಹಗುರವಾಗಿದ್ದರು. ಮತ್ತೊಂದು ತಲೆಸ್ನಾನವಿಲ್ಲದೆ ಟೂರು ಮುಗಿದಿತ್ತು. ಪರಮಾನಂದರಿಂದ ಸಂದೇಶ ಬಂತು: ಹಿರಿಯರಾದ ಅಜ್ಜಿಯವರಿಂದ ನಾಲ್ಕು ಒಳ್ಳೆಯ ಮಾತಿನ ವಿಡಿಯೋ ಮಾಡಿಸಿ ಕಳಿಸಿ, ನೋಡಿದ ಕೂಡಲೇ ನಿಮ್ಮ ಆರ್ಡರಿಗೆ ಸಹಿ ಹಾಕುತ್ತೇನೆ. ಕೇಳಿಕೊಳ್ಳಲು ನನಗೆ ನಾಚಿಕೆಯಾಗಿ ಸಂದೇಶವನ್ನೇ ಶ್ಯಾಮಣ್ಣನವರಿಗೆ ತೋರಿಸಿದೆ. ಅವರು ಖುಷಿಯಿಂದ ಮುಂದಿನ ಸೀಟಿಗೆ ಆತು ನಿಂತು ಫೋನು ಹಿಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು.

"ನಾನು ವರ್ತೂರು ಚಿಕ್ಕಮುನಿಯಮ್ಮ," ಎಂದು ಫೋನಿಗೆ ಹೇಳಿದರು. "ಇವ್ಳು ಸುಕೃತಿ. ಮೊದ್ಲು ನೋಡ್ದಾಗ ಈ ಮಗೀಗೆ ಮಾತೇ ಬರಾಕಿಲ್ವೇನೋ ಅನ್ಕಂಡಿದ್ದೆ. ಒಂದೊಂದನ್ನೂ ಬುಡ್ಸಿ ಬುಡ್ಸಿ ಏಳವ್ಳೆ. ಓದಿರಾ ಮಗ."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅಜ್ಜಿ ಸೆರಗಿನ ಅಂಚಿನಲ್ಲಿದ್ದ ಒಂದು ಗಂಟನ್ನು ಬಿಚ್ಚಿದರು. ಒಳಗೆ ಒಂದು ಹಿಡಿಯಷ್ಟು ಬಿಳಿಚು ಮಣ್ಣು.

"ಕೆರೆ ತಾವ ಒಂದು ಸೈಟು ಉಳ್ಕಂಡೈತೆ. ಇಷ್ಟು ದಿನ ಕಟ್ಟಿದ್ದೆಲ್ಲಾ ಬಾಡ್ಗೆಯೋರ್ಗೆ. ನಾನಿರಾದು ಇಂದ್ಗಡೆ ರೂಮ್ನಾಗೆ, ಮೋಟ್ರು ಪಕ್ಕ. ಈ ಮನೆ ಬಾಡ್ಗೆಗಲ್ಲ. ನಾನಿರಾಕೆ. ರಾಜ್ರು ಬಾಳ್ದ ಮನೆ ಮಣ್ಣು ಪಾಯಕ್ಕೆ ಬಿದ್ರೆ ಒಳ್ಳೇದು ಅಂತ ಆ ವಠಾರದ ಬಾಗ್ಲಾಗೇ ತಗಂಡೆ. ದ್ಯಾವ್ರ ಮೂಲೇಗೆ ಇವ್ಳ ಕೈಲೇ ಆಕುಸ್ತೀನಿ."

ಸುಳ್ಳಿಗೆ ಒಗ್ಗರಣೆ ಹಾಕಿದವರೆಲ್ಲ ಕಿಟಕಿಯ ಹೊರಗೆ ನೋಡತೊಡಗಿದರು. ಶ್ಯಾಮಣ್ಣನವರ ಫೋನು ನಮ್ಮ ಕಡೆಗೇ ಇತ್ತು. ಅದರ ಹಿಂದಿನಿಂದ ಅವರ ತಲೆ ಮಾತ್ರ ಬೇಡ ಬೇಡ ಎಂದು ಆಡುತ್ತಿತ್ತು. ಹಿಂದಿನ ಸೀಟಿನಿಂದ ವನಜಾ ನನ್ನ ಕಿವಿಯ ಹತ್ತಿರ ಬಂದು, ಊರಿಗೆ ಹೋದ ಮೇಲೆ ನಾನು ಮಣ್ಣು ಬದಲಾಯಿಸಿಬಿಡುತ್ತೇನೆ, ನೀನು ಸುಮ್ಮನಿರು ಎಂದು ಪಿಸುಗುಟ್ಟಿದರು.

ಮಣ್ಣು ಮಣ್ಣೇ ಅಲ್ಲವೇ ಎಂದು ನಾನೂ ಒಂದು ಕ್ಷಣ ಅಂದುಕೊಂಡೆ. ಆದರೆ ಆ ಮೂಲೆಯ ಮುಂದೆ ದಿನಾ ದೀಪ ಹಚ್ಚಿ ಕೈಮುಗಿಯುವ ಹೆಂಗಸಿನ ಮುಖ ನನ್ನ ಪಕ್ಕದಲ್ಲೇ ಇತ್ತು. ಏನಾದರೂ ಮಾಡಬೇಕಿತ್ತು, ಕೆಲಸವೂ ಉಳಿಯಬೇಕಿತ್ತು. ನಾಲಿಗೆ ತನ್ನ ಕೆಲಸ ಶುರುಮಾಡಿಯೇಬಿಟ್ಟಿತು. ಇಲ್ಲಿಯ ಮಣ್ಣನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ ಅಜ್ಜಿ, ಪೊಲೀಸರು ಹಿಡಿಯುತ್ತಾರೆ ಅಂದೆ. ಎಷ್ಟು ಚೆಂದದ ಮಾತು. ಬಹುಶಃ ನಿಜವೂ ಹೌದು. ಶ್ಯಾಮಣ್ಣ ಫೋನಿನ ಹಿಂದೆ ನೆಮ್ಮದಿಯ ಉಸಿರುಬಿಟ್ಟಿದ್ದು ನನಗೆ ಕೇಳಿಸಿತು.

ಅಜ್ಜಿ ಬೇಸರದಿಂದ ಮಣ್ಣನ್ನೇ ನೋಡಿದರು. ಹೊರಗೆ ಚೆಲ್ಲಲು ಮನಸ್ಸು ಬರಲಿಲ್ಲ.

"ಓಗ್ಲಿ ಬುಡು," ಅಂದರು. "ಮೃತ್ತಿಕೆ ಪರ್ಸಾದ ಅಂತ ಒಂಚೂರು ಬಾಯ್ಗಾದ್ರೂ ಆಕಂತೀನಿ. ಒಟ್ಟೇಲಿದ್ರೆ ಯಾವ ಪೋಲೀಸ್ನೋನು ಇಡೀತಾನೆ. ನೀನೂ ತಗೋ ಮಗ, ಕೈ ನೀಡು."

ನನ್ನ ಅಂಗೈಯಲ್ಲಿ ಒಂದು ಚಿಟಿಕೆ ಬಿತ್ತು. ಇನ್ನೊಂದು ಚಿಟಿಕೆಯನ್ನು ಅಜ್ಜಿ ಕಣ್ಣಿಗೊತ್ತಿಕೊಂಡರು. ಗೋರಿಯ ನೆಲದ ಮೇಲೆ ಬಸ್ಸಿನ ಗಾಲಿ ನಿಂತಿದ್ದಕ್ಕೇ ಹಗಲೆಲ್ಲ ಉಪವಾಸವಿದ್ದವರು ಕಣ್ಣು ಮುಚ್ಚಿ ಬಾಯಿ ತೆರೆದರು. ಶ್ಯಾಮಣ್ಣನವರ ಫೋನು ಕೆಳಗಿಳಿಯಲಿಲ್ಲ. ವಿಡಿಯೋ ಓಡುತ್ತಲೇ ಇತ್ತು, ಅದನ್ನು ನೋಡಿ ಸಹಿ ಹಾಕಬೇಕಾದವರು ವೈಟ್‌ಫೀಲ್ಡಿನಲ್ಲಿ ಕಾಯುತ್ತಿದ್ದರು. ನಾನು ಅಜ್ಜಿಯ ಮಣಿಕಟ್ಟು ಹಿಡಿದುಕೊಂಡೆ. ಮೈಕು ಇರಲಿಲ್ಲ, ಆದರೂ ನನ್ನ ದನಿ ಡ್ರೈವರನವರೆಗೆ ಹೋಯಿತು.

"ತಿನ್ಬೇಡಿ ಅಜ್ಜಿ. ಅದು ಮನೆ ಮಣ್ಣಲ್ಲ, ಗೋರಿ ಮಣ್ಣು. ನಾನು ಮನೆ ಅಂತ ತೋರ್ಸಿದ್ದೆಲ್ಲಾ ಗೋರಿಗಳೇ."